ಅಣ್ಣ ತುಂಬಿಕೊಟ್ಟ ಅಳತೆ

ಕೊಪ್ಪದಲ್ಲಿ ರಸ್ತೆ ಪಕ್ಕದ ಮೈಲಿಗಲ್ಲನ್ನು ನಂಬುವವರು ಯಾರೂ ಇಲ್ಲ. ರಸ್ತೆ ಅಗಲ ಮಾಡಿದಾಗ ಕಂಟ್ರಾಕ್ಟರನ ಆಳುಗಳು ಕಲ್ಲುಗಳನ್ನೆಲ್ಲ ಕಿತ್ತು, ಕೆಲಸ ಮುಗಿದ ಮೇಲೆ ನೆರಳು ಕಂಡ ಕಡೆ ನೆಟ್ಟು ಹೋದರು ಎಂಬುದು ಊರಿನ ಹಳೆಯ ತಮಾಷೆ. ಯಾರಾದರೂ ಸುಳ್ಳು ಹೇಳಿದರೆ ‘ಇವ್ನು ಮದ್ದೂರು ರೋಡಿನ ಕಲ್ಲು ಕಣ್ಲಾ’ ಎನ್ನುತ್ತಾರೆ. ಹಾಗಾಗಿ ಚಂದನಳ ಸೈಕಲ್ ಕಂಪ್ಯೂಟರು ಒಂದು ದೂರ ತೋರಿಸಿ ಕಲ್ಲುಗಳು ಇನ್ನೊಂದು ಹೇಳಿದಾಗ ಅವಳು ಕಂಪ್ಯೂಟರನ್ನೇ ನಂಬಿದಳು. ವೇಗ ಎಷ್ಟು, ದೂರ ಎಷ್ಟು ಎಂದು ತೋರಿಸುವ, ಬೆಂಕಿಪೊಟ್ಟಣದಷ್ಟಿದ್ದ ಅದನ್ನು ಮನೆಯಲ್ಲಿ ಎಲ್ಲರೂ ಮೀಟರು ಎನ್ನುತ್ತಿದ್ದರು. ಅದನ್ನು ಕೊಡಿಸಿ, ಚಕ್ರದ ಅಳತೆ ತುಂಬಿ, ಹ್ಯಾಂಡಲ್ಲಿಗೆ ಕಟ್ಟಿಕೊಟ್ಟವನು ಅಣ್ಣ ಶಶಿಧರ್. ನಂಬದೆ ಇನ್ನೇನು ಮಾಡುತ್ತಾಳೆ?

ಶಶಿಧರನೆಂದರೆ ಅವಳಿಗೆ ದೇವರಿಗಿಂತ ಒಂದು ಗೇಣು ಮೇಲೆ. ಬೆಳೆದ ಹುಡುಗಿ ಬಿಗಿ ಚಡ್ಡಿ ಹಾಕಿಕೊಂಡು ರಸ್ತೆಯಲ್ಲಿ ಸೈಕಲ್ ತುಳಿಯುವುದೇ ಎಂದು ಅಪ್ಪ ಕುಣಿದಾಡಿದಾಗ ಎದುರು ನಿಂತವನು ಅವನು. ರೇಸ್ ಸೈಕಲ್ ತಂದುಕೊಟ್ಟವನೂ ಅವನೇ. ಅಣ್ಣ ಇದ್ದರೆ ಇಂಥವನಿರಬೇಕು ಎಂದು ಊರವರು ಹೊಗಳುತ್ತಿದ್ದರು. ಅದನ್ನು ಕೇಳಿ ಅವನ ಎದೆಯೂ ಒಂದಿಷ್ಟು ಉಬ್ಬುತ್ತಿತ್ತು.

ಭಾರತೀನಗರದ ಕಾಲೇಜಿನಲ್ಲಿ ಆಟದ ಮೇಷ್ಟರು ಅವಳಿಗೆ ಒಂದೇ ಮಾತು ಹೇಳಿದ್ದರು. ಗಂಟೆಗೆ ಮೂವತ್ತೆರಡು ಕಿಲೋಮೀಟರಿನ ಸರಾಸರಿ ಬಂದರೆ ಮಂಡ್ಯದಲ್ಲಿ ನಡೆಯುವ ಸೈಕಲ್ ರೇಸಿನ ಆಯ್ಕೆಗೆ ಹೋಗು. ಆಯ್ಕೆಯಾದರೆ ವಿಜಯಪುರದಲ್ಲಿ ತರಬೇತಿ, ಅಲ್ಲಿಂದ ರಾಜ್ಯದ ತಂಡ. ವಯಸ್ಸಿನ ಮಿತಿ ಇದ್ದದ್ದರಿಂದ ಚಂದನಳಿಗೆ ಇದೇ ಕಡೆಯ ವರ್ಷ.

ತುಳಿದಳು. ಕಬ್ಬಿನ ಟ್ರ್ಯಾಕ್ಟರುಗಳು ಫ್ಯಾಕ್ಟರಿ ಕಡೆ ಸಾಲುಗಟ್ಟುವ ಮೊದಲೇ ಎದ್ದು, ನಾಲೆ ಏರಿಯ ಮೇಲೆ, ಮದ್ದೂರು ರಸ್ತೆಯಲ್ಲಿ, ತೊಡೆ ಕಲ್ಲಾಗುವವರೆಗೆ ತುಳಿದಳು. ಮೀಟರು ಮಾತ್ರ ಇಪ್ಪತ್ತೊಂಬತ್ತನ್ನು ದಾಟಲೊಲ್ಲದು. ಮನೆಗೆ ಬಂದು ಅತ್ತರೆ ಅಣ್ಣ ತಲೆ ಸವರಿ, ಎಲ್ಲರಿಗೂ ಎಲ್ಲವೂ ಒಲಿಯುವುದಿಲ್ಲ ಎಂದು ಸಮಾಧಾನ ಹೇಳುತ್ತಿದ್ದ. ಹತ್ತು ಜನರ ಮುಂದೆ ನಗೆಪಾಟಲಾಗುವುದೇಕೆ ಎಂದು ಆಯ್ಕೆಯ ದಿನ ಅವಳು ಮಂಡ್ಯಕ್ಕೆ ಹೋಗಲೇ ಇಲ್ಲ. ಮನೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಳು.

ಹೋದವಳು ಮಂಜುಶ್ರೀ. ಅದೇ ಕಾಲೇಜಿನವಳು, ಒಟ್ಟಿಗೆ ತುಳಿದಾಗಲೆಲ್ಲ ಚಂದನಳ ಹಿಂದೆ ಏದುಸಿರು ಬಿಡುತ್ತ ಬರುತ್ತಿದ್ದವಳು. ಅವಳು ಆಯ್ಕೆಯಾಗಿ ಬಂದಳು. ಗೆಳತಿ ಗೆದ್ದಳೆಂದು ಚಂದನಳಿಗೆ ಸಂತೋಷವೇ ಆಯಿತು, ಆದರೆ ತನ್ನ ಹಿಂದೆ ಬರುತ್ತಿದ್ದವಳು ಹೇಗೆ ಆಯ್ಕೆಯಾದಳೆಂಬುದು ಅರ್ಥವಾಗಲಿಲ್ಲ.

ವಿಜಯಪುರಕ್ಕೆ ಹೊರಡುವ ಮುಂಚೆ ಮಂಜುಶ್ರೀ ತಾನೂ ಒಂದು ಮೀಟರು ಕೊಂಡಳು. ಇಬ್ಬರೂ ಪಕ್ಕಪಕ್ಕದಲ್ಲೇ ತುಳಿದರೂ ಅವಳದು ಮೂವತ್ತೆರಡು ಎಂದರೆ ಇವಳದು ಇಪ್ಪತ್ತೊಂಬತ್ತು. ನಿನ್ನದೇ ಕೆಟ್ಟಿದೆ, ನನ್ನದು ಅಣ್ಣ ಕೂರಿಸಿದ್ದು ಎಂದು ಚಂದನ ಪಟ್ಟು ಹಿಡಿದಳು. ಮಂಜುಶ್ರೀ ವಾದಕ್ಕೆ ಹೋಗಲಿಲ್ಲ. ಬೀಡಾ ಅಂಗಡಿಯಿಂದ ಒಂದಿಷ್ಟು ಸುಣ್ಣ ತಂದು ಚಂದನಳ ಮುಂದಿನ ಟೈರಿಗೆ ಬೊಟ್ಟಿಟ್ಟು, ಅವಳನ್ನು ಸೈಕಲ್ ಮೇಲೆ ಕೂರಿಸಿ ನೇರಕ್ಕೆ ತಳ್ಳಿದಳು. ಟಾರಿನ ಮೇಲೆ ಎರಡು ಬಿಳಿ ಚುಕ್ಕೆ ಬಿದ್ದವು. ಟೇಪು ಹಿಡಿದರೆ ನಡುವೆ ಎರಡು ಸಾವಿರದ ನೂರು ಮಿಲಿಮೀಟರಿನ ಮೇಲೆ ಚಿಲ್ಲರೆ. ಚಕ್ರ ಒಂದು ಸುತ್ತಿಗೆ ಹೋಗುವ ದೂರ ಅಷ್ಟು, ಮೀಟರಿಗೆ ತುಂಬಬೇಕಾದದ್ದೂ ಅಷ್ಟೇ. ಗುಂಡಿ ಒತ್ತಿ ಹಿಡಿದು ಚಂದನಳ ಮೀಟರಿನೊಳಗೆ ನೋಡಿದರೆ ಇದ್ದದ್ದು ಸಾವಿರದ ಎಂಟುನೂರ ತೊಂಬತ್ತು. ಅದು ಸ್ಕೂಲು ಮಕ್ಕಳ ಸೈಕಲ್ಲಿನ ಅಳತೆ. ಅವಳು ತುಳಿದದ್ದರಲ್ಲಿ ಹತ್ತನೇ ಒಂದು ಪಾಲನ್ನು ಅದು ದಿನಾ ನುಂಗುತ್ತ ಬಂದಿತ್ತು.

ಹಾಗಾದರೆ ತಾನು ತುಳಿದದ್ದು ಮೂವತ್ತೆರಡು. ಅಷ್ಟು ದಿನವೂ ಮೂವತ್ತೆರಡು. ಆದರೂ ಚಂದನಳ ಮನಸ್ಸು ಅಣ್ಣನ ಪರವೇ ವಕಾಲತ್ತು ಹಿಡಿಯಿತು: ಪಾಪ, ತಿಳಿಯದೆ ತಪ್ಪಿರಬೇಕು, ಕೇಳಿದರೆ ನನಗಿಂತ ಅವನೇ ಹೆಚ್ಚು ಸಂಕಟಪಡುತ್ತಾನೆ.

ಅವಳು ಮನೆಗೆ ಬಂದಾಗ ಶಶಿಧರ್ ಹಸುವಿಗೆ ಕಬ್ಬಿನ ಸೋಗೆ ಹಾಕುತ್ತಿದ್ದ. ಹ್ಯಾಂಡಲ್ಲಿನಿಂದ ಬಿಚ್ಚಿ ತಂದ ಮೀಟರು ತೋರಿಸಿ ಅಳತೆ ತಪ್ಪಿದ್ದನ್ನು ಹೇಳಿದಳು. ಅವನು ಬೆಚ್ಚಲಿಲ್ಲ, ಅಯ್ಯೋ ಎನ್ನಲಿಲ್ಲ.

“ಅದ್ನ ಯಾಕ್ ತೆಗ್ದು ನೋಡಕ್ಕೋದೆ?” ಎಂದ.

ಅವಳಿಗೆ ಅಷ್ಟೇ ಸಾಕಾಯಿತು. ಉಳಿದದ್ದು ಆಮೇಲೆ ಒಂದೊಂದಾಗಿ ಹೊರಬಂತು. ಬಸ್ ಸ್ಟ್ಯಾಂಡಿನಲ್ಲಿ ಗೆಳೆಯರು ತಂಗಿಯ ಚಡ್ಡಿಯ ಬಗ್ಗೆ ಆಡಿಕೊಳ್ಳುತ್ತಿದ್ದರಂತೆ. ಅವಳು ವಿಜಯಪುರ ಸೇರಿದರೆ ಇನ್ನೂ ಏನೇನು ಕೇಳಬೇಕೋ ಎಂದು ಹೆದರಿದನಂತೆ. ಬೇಡ ಎಂದುಬಿಟ್ಟರೆ ಒಳ್ಳೆಯ ಅಣ್ಣ ಎಂಬ ಹೆಸರು ಹೋಗುತ್ತದಲ್ಲ, ಅದಕ್ಕೇ ಬಾಯಿ ಬರಲಿಲ್ಲವಂತೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಥೂ, ಎಂಥ ಜಾಣತನ! ಅಪ್ಪನಾದರೂ ಎದುರಿಗೆ ನಿಂತು ಬೈದಿದ್ದ. ಇವನು ನಂಬಿಸಿ ಕತ್ತು ಕೊಯ್ದು, ಅದೇ ಕೈಯಲ್ಲಿ ತಲೆ ಸವರಿದ್ದ.

“ನಾನು ಬ್ಯಾಡ ಅಂದಿದ್ರೆ ನೀನು ಅಟ ಮಾಡ್ಕಂಡು ಓಯ್ತಿದ್ದೆ,” ಎಂದ ಶಶಿಧರ್. “ಅದ್ಕೇ ನೀನೇ ಬುಡೋ ಅಂಗೆ ಮಾಡ್ದೆ.”

ಆಮೇಲೆ, ಕೊಡು, ಈಗಲೇ ಸರಿ ಮಾಡಿಕೊಡುತ್ತೇನೆ ಎಂದು ಕೈ ಚಾಚಿದ. ಚಂದನ ಮೀಟರನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಹಿಂದೆ ಸರಿದಳು.

“ಅಪ್ಪ ಬ್ಯಾಡ ಅಂದಿದ್ರೆ ಓಯ್ತಿದ್ದೆ,” ಎಂದಳು. “ನೀನು ಬ್ಯಾಡ ಅಂದಿದ್ರೆ ಓಯ್ತಿರ್ಲಿಲ್ಲ ಕಣಣ್ಣ.”

ಆ ಮಾತು ನಿಜವೆಂದು ಶಶಿಧರನಿಗೆ ಗೊತ್ತಿತ್ತು. ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ.