ಆರೂವರೆಯ ಗೆರೆ

ಸಂಜೆ ಆರೂವರೆಗೆ ಅಡುಗೆಮನೆಯ ಬಲ್ಬು ಕೆಂಪಗಾದರೆ, ಗಂಡ ಹೊಲದಲ್ಲಿ ಮೋಟಾರು ಹಾಕಿದನೆಂದು ನೀಲಾಂಬಿಕೆಗೆ ತಿಳಿಯುತ್ತಿತ್ತು. ಆ ಹೊತ್ತಿಗೆ ಊರಿಗೆ ಬರುತ್ತಿದ್ದುದು ದೀಪಕ್ಕಷ್ಟೇ ಸಾಲುವ ಸಿಂಗಲ್ ಫೇಸ್ ಕರೆಂಟು. ಷಡಕ್ಷರಿ ಕಂಡೆನ್ಸರ್ ಎಂಬ ಡಬ್ಬಿ ಸಿಕ್ಕಿಸಿ, ಮೂರು ಫೇಸ್ ಬೇಕಾದ ಪಂಪನ್ನು ಕದ್ದು ಅದರಲ್ಲೇ ಓಡಿಸಿ ಶುಂಠಿಗೆ ನೀರು ಹಾಯಿಸುತ್ತಿದ್ದ.

ಆ ಬೇಸಿಗೆ ಊರಿನ ಚಿಕ್ಕ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಿ ಹನ್ನೊಂದು ದಿನ ಕತ್ತಲೆ. ನಲ್ಲಿಯಲ್ಲೂ ನೀರಿಲ್ಲ. ಬೈಗುಳವೆಲ್ಲ ಲೈನ್‌ಮನ್ ಚೆನ್ನಯ್ಯನಿಗೆ.

"ಕುಡ್ಕೊಂಡು ಫ್ಯೂಸ್ ಕಟ್ಟಿದ್ರೆ ಇನ್ನೇನಾಯ್ತದೆ ಕಣ್ಲಾ," ಎಂದು ಅಂಗಡಿ ಮುಂದೆ ನಕ್ಕರು. ಚೆನ್ನಯ್ಯ ಕುಡಿಯುವವನಲ್ಲವೆಂದು ಷಡಕ್ಷರಿಗೆ ಗೊತ್ತಿತ್ತು. ಆದರೂ ಅವನನ್ನು ವರ್ಗ ಮಾಡಿ ಎಂಬ ಅರ್ಜಿಯಲ್ಲಿ ಮೊದಲ ಸಹಿ ಷಡಕ್ಷರಿಯದೇ.

ಹೊಸ ಟ್ರಾನ್ಸ್‌ಫಾರ್ಮರಿನ ಜೊತೆ, ಯಾವ ಹೊತ್ತಿಗೆ ಎಷ್ಟು ಕರೆಂಟು ಹೋಯಿತೆಂದು ನೆನಪಿಟ್ಟುಕೊಳ್ಳುವ ಎಲೆಕ್ಟ್ರಾನಿಕ್ ಮೀಟರೂ ಬಂತು. ತಿಂಗಳ ಮೇಲೆ ಅರ್ಜಿಯ ವಿಚಾರಣೆಗೆ ಅರಕಲಗೂಡಿನಿಂದ ಬಂದ ಎಂಜಿನಿಯರ್ ಹಂಸ, ಶಾಲೆಯ ಜಗಲಿಯಲ್ಲಿ ಎಲ್ಲರೆದುರು ಆ ಮೀಟರಿನ ಲೆಕ್ಕವನ್ನು ಗೆರೆಯಾಗಿ ತೋರಿಸುವ ಒಂದು ಹಾಳೆ ಬಿಚ್ಚಿದರು.

"ದಿನಾ ಆರೂವರೆಗೆ ಗೆರೆ ಹೆಂಗೆ ಏಳುತ್ತೆ ನೋಡಿ. ದೀಪಕ್ಕೆ ಇಷ್ಟು ಬೇಡ. ಯಾರೋ ಮೋಟಾರ್ ಓಡಿಸ್ತಿದ್ದಾರೆ. ಹಳೇದು ಸುಟ್ಟಿದ್ದೂ ಇದಕ್ಕೇ ಇರಬೇಕು."

"ಯಾರು ಅಂತ ಅದ್ರಲ್ಲೈತಾ ಮೇಡಂ?" ಗುಂಪಿನಲ್ಲಿದ್ದ ಮಾರಮ್ಮ ಕೇಳಿದಳು.

"ಇಲ್ಲಮ್ಮ, ಹೊತ್ತು ಮಾತ್ರ. ಮುಂದೆ ಮನೆಮನೆ ಮೀಟರೂ ಕೂತಲ್ಲಿಂದಲೇ ಆಫೀಸಿಗೆ ಹೇಳೋ ಕಾಲ ಬರುತ್ತೆ."

"ಅಂಗಾದ್ರೆ ಗಂಡಸ್ರ ಗುಟ್ಟೆಲ್ಲ ಬಯಲಾಯ್ತದೆ ಬುಡಿ."

ಎಲ್ಲರೂ ನಕ್ಕರು. ಷಡಕ್ಷರಿಯೂ ನಕ್ಕ.

"ಚೆನ್ನಯ್ಯ, ನಿಮಗೆ ಗೊತ್ತಿರಬೇಕಲ್ಲ?" ಎಂದರು ಹಂಸ.

ಚೆನ್ನಯ್ಯ ನೆಲ ನೋಡಿದ. ಟ್ರಾನ್ಸ್‌ಫಾರ್ಮರ್ ಸುಡುವ ಮುಂಚೆ ಒಂದು ಸಂಜೆ ಅವನು ಷಡಕ್ಷರಿಯ ಪಂಪ್‌ಹೌಸಿನ ಬಾಗಿಲಲ್ಲಿ ನಿಂತು, "ಬ್ಯಾಡ ಕಣಣ್ಣ, ತಡ್ಯಕಿಲ್ಲ ಅದು," ಎಂದಿದ್ದ. ಈಗ ಅಷ್ಟನ್ನೂ ಹೇಳಲಿಲ್ಲ. ತನ್ನ ಹೆಸರು ಹಿಡಿದು ಕೂಗಿದ್ದರೆ ಷಡಕ್ಷರಿ ಜಗಳ ಕಾಯುತ್ತಿದ್ದನೇನೋ. ಆ ಮೌನದೆದುರು ಕೂರಲಾಗದೆ ಎದ್ದು ಹೋದ.

"ಇವ್ನಿಗೇನಾಯ್ತು," ಎಂದರು ಯಾರೋ.

ತಿರುಗಿ ಬಂದಾಗ ಟವಲಿನಲ್ಲಿ ಸುತ್ತಿದ್ದ ಕಂಡೆನ್ಸರನ್ನು ಚೆನ್ನಯ್ಯನ ಮುಂದೆ ಇಟ್ಟ. ಹಂಸರ ಕೈಯಿಂದ ಅರ್ಜಿ ಕೇಳಿ ತೆಗೆದುಕೊಂಡು ತನ್ನ ಸಹಿ ಹೊಡೆದುಹಾಕಿದ. ಯಾರೂ ನಗಲಿಲ್ಲ.

ಅಂದು ಆರೂವರೆ ದಾಟಿದರೂ ಅಡುಗೆಮನೆಯ ಬಲ್ಬು ಬೆಳ್ಳಗೆ ಉರಿಯುತ್ತಿತ್ತು. ನೀಲಾಂಬಿಕೆ ಅದನ್ನೊಮ್ಮೆ ನೋಡಿ ಗಂಡನ ತಟ್ಟೆಗೆ ಮುದ್ದೆ ಇಟ್ಟಳು. ಅಷ್ಟು ಬೆಳಕಿನಲ್ಲಿ ಷಡಕ್ಷರಿಗೆ ತಲೆ ಎತ್ತಲಾಗಲಿಲ್ಲ.