ಭದ್ರಾವತಿ ಬಸ್ಸಿನ ಬೋಲ್ಟುಗಳು

ನನ್ನ ಇಬ್ಬರು ಅಣ್ಣಂದಿರು ಮಾತು ಬಿಟ್ಟದ್ದು ಆಸ್ತಿಗಲ್ಲ, ಹೆಂಡಂದಿರ ಕಾರಣಕ್ಕೂ ಅಲ್ಲ. ಬೋಲ್ಟು ತೊಳೆಯುವಾಗ ಮೊದಲು ಸೀಮೆಎಣ್ಣೆಯೋ, ಮೊದಲು ಬ್ರಶ್ಶೋ ಎಂಬುದಕ್ಕೆ. ನಗಬೇಡಿ. ಆ ಜಗಳದ ಭಾರ ಹೊತ್ತು ಓಡಾಡಿದವಳು ಇರಂ ಎಂಬ ನಾನು. ಭಾರವೆಂದರೆ ನಿಜವಾದ ಕಬ್ಬಿಣದ ಭಾರ.

ಅಬ್ಬಾ ತೀರಿಕೊಂಡ ಮೇಲೆ ಶಿವಮೊಗ್ಗದ ನಮ್ಮ ಗ್ಯಾರೇಜನ್ನು ಇಬ್ಬರೂ ಸೇರಿ ನಡೆಸುತ್ತಿದ್ದರು. ದೊಡ್ಡವನು ಹಯಾತ್, ಚಿಕ್ಕವನು ರಿಜ್ವಾನ್. ಇಂಜಿನ್ ಬಿಚ್ಚಿದಾಗ ಬೋಲ್ಟಿನ ಮೈಮೇಲಿನ ಸುರುಳಿ ಗೆರೆಗಳಲ್ಲಿ, ಅಂದರೆ ಥ್ರೆಡ್ಡಿನಲ್ಲಿ, ಕೊಳೆ ಕಚ್ಚಿಕೊಂಡಿರುತ್ತದೆ. ಮೊದಲು ಸೀಮೆಎಣ್ಣೆಯಲ್ಲಿ ನೆನೆಹಾಕಿದರೆ ಅದು ಸಡಿಲವಾಗುತ್ತದೆ ಎಂದು ಹಯಾತ್. ಒಣಗಿದ್ದಾಗಲೇ ತಂತಿ ಬ್ರಶ್ಶಿನಿಂದ ಉಜ್ಜಬೇಕು, ಇಲ್ಲದಿದ್ದರೆ ಕಲಸಿದ ಹಿಟ್ಟಿನ ಹಾಗೆ ಮೆತ್ತಿಕೊಳ್ಳುತ್ತದೆ ಎಂದು ರಿಜ್ವಾನ್. ಒಂದು ದಿನ ಬ್ರಶ್ಶು ಒಂದು ಕಡೆ ಹಾರಿತು, ಸೀಮೆಎಣ್ಣೆ ಡಬ್ಬಿ ಇನ್ನೊಂದು ಕಡೆ. ಸಂಜೆಯೊಳಗೆ ಪಾಲಿನ ಮಾತು ಬಂತು.

ಪಾಲು ಮಾಡಲು ಬಂದವರು ಗಾಂಧಿ ಬಜಾರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ನಮ್ಮ ಚಾಚಾ. ಜೀವಮಾನವಿಡೀ ಬಟ್ಟೆ ಅಳೆದವರು, ಯಾವುದನ್ನಾದರೂ ಸರಿಯಾಗಿ ಮಧ್ಯಕ್ಕೆ ಕತ್ತರಿಸಿದರೆ ನ್ಯಾಯವಾಯಿತೆಂದು ತಿಳಿದವರು. ಅಬ್ಬಾನ ಮರದ ಪೆಟ್ಟಿಗೆಯೊಂದಿತ್ತು. ಅದರಲ್ಲಿ ಟ್ಯಾಪುಗಳೂ ಡೈಗಳೂ ಇದ್ದವು. ತೂತಿನ ಒಳಗಿನ ಥ್ರೆಡ್ ಕೆಟ್ಟರೆ ಟ್ಯಾಪು ತಿರುಗಿಸಿ ಸರಿಮಾಡಬೇಕು, ಬೋಲ್ಟಿನ ಮೇಲಿನದು ಕೆಟ್ಟರೆ ಡೈ ತಿರುಗಿಸಬೇಕು. ಎರಡೂ ಸೇರಿದರೇ ಕೆಲಸ. ಚಾಚಾ ಪೆಟ್ಟಿಗೆ ತೆರೆದು ನೋಡಿ, "ಒಳಗಿಂದು ದೊಡ್ಡವನಿಗೆ, ಹೊರಗಿಂದು ಚಿಕ್ಕವನಿಗೆ. ಯಾರಿಗೂ ಅನ್ಯಾಯ ಆಗ್ಲಿಲ್ಲ ನೋಡ್ರಪ್ಪ" ಎಂದರು. ಚಹಾ ಕುಡಿದು ಹೊರಟೂ ಹೋದರು.

ರಿಜ್ವಾನ್ ತನ್ನ ಪಾಲು ಎತ್ತಿಕೊಂಡು ಭದ್ರಾವತಿಗೆ ಹೋಗಿ ಗ್ಯಾರೇಜು ಹಾಕಿದ. ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ. ಶಿವಮೊಗ್ಗದಲ್ಲಿ ತೂತು ರಿಪೇರಿಯಾಗುತ್ತಿತ್ತು, ಬೋಲ್ಟು ಆಗುತ್ತಿರಲಿಲ್ಲ. ಭದ್ರಾವತಿಯಲ್ಲಿ ಬೋಲ್ಟು ಆಗುತ್ತಿತ್ತು, ತೂತು ಆಗುತ್ತಿರಲಿಲ್ಲ. ನಾನೋ ಹಯಾತನ ಮನೆಯಲ್ಲಿದ್ದು, ಭದ್ರಾವತಿಯ ಶಾಲೆಯೊಂದರಲ್ಲಿ ಕನ್ನಡ ಪಾಠ ಹೇಳಲು ದಿನಾ ಬಸ್ಸಿನಲ್ಲಿ ಹೋಗಿಬರುವವಳು. ಅವರಿಗೆ ಇನ್ನೇನು ಬೇಕು!

ಬೆಳಿಗ್ಗೆ ಹಯಾತ್ ಹಳೇ ಪೇಪರಿನಲ್ಲಿ ಬೋಲ್ಟು ಸುತ್ತಿ ನನ್ನ ಚೀಲಕ್ಕೆ ಹಾಕುತ್ತಿದ್ದ. "ಆ ಭದ್ರಾವತಿಯವನಿಗೆ ಹೇಳು, ಎಣ್ಣೆ ಬಿಟ್ಕೊಂಡು ಡೈ ತಿರುಗಿಸ್ಲಿ." ಸಂಜೆ ರಿಜ್ವಾನ್ ಬೋಲ್ಟು ವಾಪಸು ಕೊಟ್ಟು, ಜೊತೆಗೆ ಪ್ಲಗ್ಗಿನ ತೂತು ಕೆಟ್ಟ ಬೈಕಿನ ಹೆಡ್ಡೊಂದನ್ನು, ಅಂದರೆ ಇಂಜಿನ್ನಿನ ಭಾರದ ಮುಚ್ಚಳವನ್ನು, ನನ್ನ ಕೈಗೆ ಹೇರುತ್ತಿದ್ದ. "ಶಿವಮೊಗ್ಗದವನಿಗೆ ಹೇಳು, ಉಪದೇಶ ಬೇಡ." ಇಬ್ಬರ ಅಂಗಡಿಯಲ್ಲೂ ಫೋನಿತ್ತು. ನನಗೆ ಹೊಟ್ಟೆ ಉರಿಯುತ್ತಿದ್ದದ್ದೇ ಅದಕ್ಕೆ. ಕಂಡಕ್ಟರ್ ಹುಲಿಯಪ್ಪ ನನ್ನ ತೊಡೆಯ ಮೇಲಿನ ಹೆಡ್ಡು ನೋಡಿ, "ಮೇಡಮ್ಮೋರೇ, ಕೂಸಿಗೆ ಅರ್ಧ ಟಿಕೆಟ್ ಹರೀಲಾ?" ಎಂದು ಇಡೀ ಬಸ್ಸನ್ನು ನಗಿಸುತ್ತಿದ್ದ.

ಒಮ್ಮೆ ರಿಜ್ವಾನ್ ಬೋಲ್ಟನ್ನು ಬೆಳಕಿಗೆ ಹಿಡಿದು ನೋಡಿ, "ಶಿವಮೊಗ್ಗದವನ ಭುಜ ಮತ್ತೆ ನೋಯ್ತಿದೆಯಾ?" ಎಂದು ಕೇಳಿದ. ಹೌದು, ರಾತ್ರಿಯೆಲ್ಲ ನರಳಿದ್ದ. ನಿನಗೆ ಹೇಗೆ ಗೊತ್ತು ಎಂದೆ.

"ಬೋಲ್ಟಿನ ತಲೆ ನೋಡು, ಸ್ಪ್ಯಾನರ್ ಜಾರಿದೆ. ಎಣ್ಣೆ ಕಾಯಿಸಿ ಉಜ್ಕೊಳಕ್ಕೆ ಹೇಳು. ನಾನು ಹೇಳ್ದೆ ಅನ್ಬೇಡ."

ಇಷ್ಟೆಲ್ಲ ಕಾಳಜಿ ಇರುವವರು ಎದುರು ಬಂದು ನಿಲ್ಲಲಾರರು ಎಂದರೆ ಸಿಟ್ಟು ಬರುವುದಿಲ್ಲವೇ?

ಹೀಗಿರುವಾಗ ನನ್ನ ನಿಕಾಹ್ ಗೊತ್ತಾಯಿತು. ಹುಡುಗ ಸಾಗರದವರು, ನನ್ನ ಹಾಗೇ ಮೇಷ್ಟ್ರು. ನಿಕಾಹ್ ಹೊತ್ತಿಗೆ ಹೆಣ್ಣಿನ ಹತ್ತಿರ ಅವಳ ಕಡೆಯ ವಕೀಲ್ ಒಬ್ಬ, ಸಾಕ್ಷಿಗಳಿಬ್ಬರು ಬಂದು ಒಪ್ಪಿಗೆ ಕೇಳಬೇಕು. ಹಯಾತ್ ವಕೀಲ್ ಆಗಬೇಕು, ರಿಜ್ವಾನ್ ಸಾಕ್ಷಿಯಾಗಿ ಅವನ ಪಕ್ಕದಲ್ಲಿ ನಿಲ್ಲಬೇಕು ಎಂಬುದೊಂದೇ ನನ್ನ ಆಸೆ. ಅಬ್ಬಾ ಇಲ್ಲದ ಮನೆಯಲ್ಲಿ ನಾನು ಬೇರೇನೂ ಕೇಳಿರಲಿಲ್ಲ. ಅದಕ್ಕೆ "ಅವನು ಬಂದ್ರೆ ನಾನು ಒಳಗೆ ಬರಲ್ಲ" ಎಂದು ಭದ್ರಾವತಿಯಿಂದ ಸುದ್ದಿ. "ಬರದೇ ಇದ್ರೆ ಒಳ್ಳೇದೇ ಆಯ್ತು" ಎಂದು ಶಿವಮೊಗ್ಗದಿಂದ. ಎರಡನ್ನೂ ಸಾಗಿಸಿದವಳು ನಾನೇ.

ತಲೆ ಕೆಟ್ಟುಹೋಯಿತು. ಮದುವೆಯಾಗಿ ಹೋಗುವ ಮೊದಲು ಈ ಸಾಗಾಟವನ್ನಾದರೂ ನಿಲ್ಲಿಸುತ್ತೇನೆ, ಇಬ್ಬರಿಗೂ ಒಂದೊಂದು ಪೂರ್ತಿ ಸೆಟ್ಟು ತಂದು ಮುಖದ ಮೇಲೆ ಎಸೆಯುತ್ತೇನೆ ಎಂದುಕೊಂಡು ಗಾಂಧಿ ಬಜಾರಿನ ಉಮಾಮಹೇಶ್ವರರ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಟ್ಯಾಪು ಮತ್ತು ಡೈ ಎರಡೆರಡು ಸೆಟ್ಟು ಕೊಡಿ ಎಂದೆ.

ಅವರು ಕನ್ನಡಕ ಮೇಲೇರಿಸಿ ನನ್ನನ್ನೇ ನೋಡಿದರು. "ಅಯ್ಯೋ ಮೇಡಮ್ಮೋರೇ, ಮತ್ತೆ ಯಾಕೆ? ನಿಮ್ಮ ದೊಡ್ಡಣ್ಣ ಡೈ ತಗೊಂಡು ಹೋಗಿ ಯಾವ ಕಾಲ ಆಯ್ತು! ಭದ್ರಾವತಿಯೋರು ಟ್ಯಾಪು ಒಯ್ದದ್ದೂ ಅದೇ ವರ್ಷ. ಒಬ್ಬರ ವಿಷಯ ಇನ್ನೊಬ್ಬರಿಗೆ ಹೇಳ್ಬೇಡಿ ಅಂತ ಇಬ್ಬರೂ ಆಣೆ ಹಾಕಿಸ್ಕೊಂಡಿದ್ರು. ನಿಮಗೆ ಹೇಳ್ಬೇಡಿ ಅಂದಿರ್ಲಿಲ್ಲ."

ಅಲ್ಲಿಂದ ಗ್ಯಾರೇಜಿಗೆ ಹೇಗೆ ನಡೆದೆನೋ ಗೊತ್ತಿಲ್ಲ. ಬಾಗಿಲಲ್ಲೇ ಬೈಗುಳ ಶುರುಮಾಡಬೇಕೆಂದು ಬಾಯಿ ತೆರೆದವಳು ಹಾಗೇ ನಿಂತೆ. ಹಯಾತ್ ನನಗೆ ಬೆನ್ನು ಹಾಕಿ ಕೂತಿದ್ದ. ಎದುರಿಗೆ ಕಬ್ಬಿಣ ಕಚ್ಚಿ ಹಿಡಿಯುವ ವೈಸಿನಲ್ಲಿ ಒಂದು ಬೋಲ್ಟು ಸಿಕ್ಕಿಸಿದ್ದ, ಹೊಚ್ಚಹೊಸದು, ಪಳಪಳ ಹೊಳೆಯುವಂಥದ್ದು. ಸುತ್ತಿಗೆ ಎತ್ತಿ, ನಾಲಿಗೆ ಹೊರಚಾಚಿ ಗುರಿ ನೋಡಿ, ಥ್ರೆಡ್ಡಿನ ನಡುವೆ ಒಂದೇ ಒಂದು ಏಟು ಹಾಕಿದ. ಬೆರಳಲ್ಲಿ ಸವರಿ ನೋಡಿದ. ಸಾಲದೆನಿಸಿತೇನೋ, ಇನ್ನೊಂದು ಏಟು ಮೆಲ್ಲಗೆ. ಆಮೇಲೆ ಹಳೇ ಪೇಪರು ಹುಡುಕತೊಡಗಿದ.

ನಾನು ಸದ್ದು ಮಾಡದೆ ಮನೆಗೆ ಹೋದೆ.

ಮರುದಿನ ಆ ಬೋಲ್ಟನ್ನೇ ರಿಜ್ವಾನನ ಮುಂದಿಟ್ಟು ಕಂಡದ್ದೆಲ್ಲ ಹೇಳಿದೆ. ಅವನು ಆಶ್ಚರ್ಯಪಡಲೇ ಇಲ್ಲ.

"ಗೊತ್ತು. ಬೋಲ್ಟು ತೂತಿನೊಳಗೆ ಓರೆ ಹತ್ತಿ ಕೆಟ್ಟಿದ್ರೆ ಮೊದಲ್ನೇ ಸುತ್ತು ಹಾಳಾಗಿರ್ಬೇಕು. ಇವನು ಕಳಿಸೋದೆಲ್ಲ ನಡುವಿನ ಸುತ್ತೇ. ಹಾಳು ಮಾಡಕ್ಕೂ ಸರಿಯಾಗಿ ಬರಲ್ಲ ಶಿವಮೊಗ್ಗದವನಿಗೆ."

"ಹಾಗಾದ್ರೆ ನನ್ನ ತೊಡೆ ಮೇಲೆ ಕೂರಿಸಿ ಕಳಿಸಿದ ಹೆಡ್ಡುಗಳು?"

ರಿಜ್ವಾನ್ ತಗಡಿನ ಮಾಡನ್ನು ನೋಡಿದ, ಅಲ್ಲಿ ಹಕ್ಕಿಯೇನೋ ಕೂತಿರುವ ಹಾಗೆ.

"ಎಲ್ಲಾನೂ ಅಲ್ಲ" ಎಂದ.

ನಾನು ಎದ್ದು ನಿಂತೆ. "ಕೇಳು ಚಿಕ್ಕ ಭಾಯಿ. ನಾನು ಹೋಗೋದು ಸಾಗರಕ್ಕೆ. ಇನ್ನು ಈ ಬೋಲ್ಟು ಯಾರು ತರ್ತಾರೆ? ಹುಲಿಯಪ್ಪನಾ? ಇದನ್ನ ರಿಪೇರಿ ಮಾಡಿ ನಿಕಾಹ್ ದಿನ ನೀನೇ ತಗೊಂಡು ಬಾ. ನೀವಿಬ್ರೂ ಒಟ್ಟಿಗೆ ಬಂದು ಕೇಳೋ ತನಕ ನಾನು ಕಬೂಲ್ ಅನ್ನಲ್ಲ. ಶಿವಮೊಗ್ಗದವನಿಗೂ ಇದನ್ನೇ ಹೇಳ್ತೀನಿ."

ಅವನು ಬೋಲ್ಟನ್ನು ಜೇಬಿಗೆ ಹಾಕಿಕೊಂಡ. ಅಂದು ಸಂಜೆ ಹಯಾತನಿಗೂ ಇದನ್ನೇ ಹೇಳಿದಾಗ ಅವನು ಬೋಲ್ಟು ಸುತ್ತಲು ಇಟ್ಟಿದ್ದ ಪೇಪರನ್ನು ಓದುವವನಂತೆ ಮುಖಕ್ಕೆ ಅಡ್ಡ ಹಿಡಿದ.

ನಿಕಾಹ್ ದಿನ ನಾನು ಹೆಂಗಸರ ಕೋಣೆಯಲ್ಲಿ ತಲೆತಗ್ಗಿಸಿ ಕೂತಿದ್ದೆ. ನಾಚಿಕೆಯಿಂದಲ್ಲ, ಭಯದಿಂದ. ಪರದೆಯಾಚೆ ಹೆಜ್ಜೆ ಸಪ್ಪಳವಾಯಿತು. ಮೊದಲು ಹಯಾತನ ಕೆಮ್ಮು, ಆಮೇಲೆ ಚಾಚಾನ ಕೋಲಿನ ಸದ್ದು. ಅಷ್ಟೇ. ಚಾಚಾ ಒಬ್ಬ ಸಾಕ್ಷಿ, ಇನ್ನೊಬ್ಬ ಎಲ್ಲಿ?

ಆಗ ಇನ್ನೊಂದು ಸ್ವರ ಕೇಳಿಸಿತು. "ಈ ಬೋಲ್ಟು ಕೊಟ್ಟು ಹೋಗೋಣ ಅಂತ ಬಂದೆ."

ಹಯಾತ್ ಬೋಲ್ಟನ್ನು ತಿರುಗಿಸಿ ತಿರುಗಿಸಿ ನೋಡುತ್ತಿರಬೇಕು. "ಒಣ ಬ್ರಶ್ಶು ಹಾಕಿದ್ದಾನೆ" ಎಂದು ಚಾಚಾನಿಗೆ ದೂರಿದ.

"ಅಲ್ಲ ಮಾರಾಯ, ಒಣ ಬ್ರಶ್ಶು ಹಾಕ್ದೆ ಇನ್ನೇನು..."

"ಸೀಮೆಎಣ್ಣೆ ಮೊದಲು!"

"ಹಿಟ್ಟಾಗಲ್ವಾ ಕೊಳೆ?"

ನನ್ನ ಒಪ್ಪಿಗೆ ಕೇಳಲು ಬಂದವರು ಪರದೆಯಾಚೆ ಕಿತ್ತಾಡುತ್ತಿದ್ದರು. ಹೆಂಗಸರೆಲ್ಲ ಮುಸುಕಿನೊಳಗೆ ಕಿಸಿಕಿಸಿ ನಗತೊಡಗಿದರು. ಚಾಚಾ ಕೋಲು ಕುಟ್ಟಿ, "ಅರ್ಧರ್ಧ ಮಾಡ್ಕೊಳ್ರೋ" ಎಂದರು.

"ಸುಮ್ನಿರೋ ರಿಜ್ಜು, ಮೊದಲು ಅವಳು ಹೇಳ್ಲಿ" ಎಂದ ಹಯಾತ್.

ರಿಜ್ಜು. ಪಾಲಾದ ಮೇಲೆ ಆ ಹೆಸರು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬಂದಿರಲಿಲ್ಲ. ಹಯಾತ್ ಒಪ್ಪಿಗೆ ಕೇಳಿದಾಗ ನನಗೆ ಅಳು ಬಂತು. ಇನ್ನೊಮ್ಮೆ ಕೇಳಿಸಿಕೊಂಡು ಕಬೂಲ್ ಎಂದೆ. ಹೆಣ್ಣು ತವರು ಬಿಟ್ಟು ಹೋಗಬೇಕಲ್ಲಾ ಅಂತ ಅಳುತ್ತಿದೆ ಎಂದು ಎಲ್ಲರೂ ಸಮಾಧಾನ ಮಾಡಿದರು.

ಈಗ ಇಬ್ಬರೂ ಫೋನಿನಲ್ಲೇ ಜಗಳವಾಡುತ್ತಾರೆ ಎಂದು ಅತ್ತಿಗೆ ಹೇಳಿದಳು. ನನಗೆ ಖುಷಿಯಾಯಿತು. ನಾನು ಬಿಡುಗಡೆಯಾದೆ, ಚೀಲ ಹಗುರಾಯಿತು. ಆದರೆ ಸಾಗರದಲ್ಲಿ ಆ ಹಗುರ ಚೀಲ ಹಿಡಿದು ಶಾಲೆಗೆ ಹೋಗುವಾಗ ಏನನ್ನೋ ಮರೆತು ಬಂದೆ ಎಂದು ದಿನಾ ಅನಿಸುತ್ತಿತ್ತು.

ಒಂದು ಸಂಜೆ ಬಸ್ ಸ್ಟ್ಯಾಂಡಿನ ಹತ್ತಿರ ಯಾರೋ "ಮೇಡಮ್ಮೋರೇ" ಎಂದು ಕೂಗಿದರು. ಹುಲಿಯಪ್ಪ! ಸಾಗರದ ರೂಟಿಗೆ ಬಂದಿದ್ದನಂತೆ. ಹಳೇ ಪೇಪರಿನ ಪೊಟ್ಟಣವೊಂದನ್ನು ನನ್ನ ಕೈಗಿಟ್ಟು, "ನಿಮ್ಮ ಅಣ್ಣಂದಿರು ಕೊಟ್ರು, ಇಬ್ಬರೂ ಶಿವಮೊಗ್ಗ ಸ್ಟ್ಯಾಂಡಿಗೆ ಬಂದಿದ್ರು" ಎಂದ.

ಅಲ್ಲೇ ನಿಂತು ಬಿಚ್ಚಿದೆ. ಹೊಚ್ಚಹೊಸ ಬೋಲ್ಟು. ಥ್ರೆಡ್ಡಿನ ನಡುವಿನ ಸುತ್ತಿನಲ್ಲಿ ಸುತ್ತಿಗೆಯ ಏಟು ಎರಡು ಕಡೆ ಬಿದ್ದಿತ್ತು, ಒಂದು ಜೋರಾಗಿ, ಇನ್ನೊಂದು ಮೆಲ್ಲಗೆ.

ನನ್ನ ಹತ್ತಿರ ಡೈ ಎಲ್ಲಿಂದ ಬರಬೇಕು? ಭಾನುವಾರ ಬೆಳಿಗ್ಗೆ ಬೋಲ್ಟನ್ನು ಚೀಲಕ್ಕೆ ಹಾಕಿಕೊಂಡು ಶಿವಮೊಗ್ಗದ ಬಸ್ಸು ಹತ್ತಿದೆ.