ವರ್ದಾಳ ಹಾಲುಮಗ

ತಾಯಿಯ ಒದ್ದೆ ಕೂದಲನ್ನು ಮೂರು ಪಾಲು ಮಾಡಿ, ನುಜೂಮ್ ಕೊನೆಯ ಜಡೆ ಹೆಣೆಯುತ್ತಿದ್ದಾಗ ಅಂಗಳದಲ್ಲಿ ಕುದುರೆಯ ಗೊರಸಿನ ಸದ್ದಾಯಿತು. ಮೀಯಿಸಿದ ಶವಕ್ಕೆ ಹೀಗೆ ಜಡೆ ಹಾಕುವುದು ಮಗಳ ಪಾಲಿನ ಕೆಲಸ. ಎದುರಿಗೆ ಕೂತು ಕರ್ಪೂರ ಪುಡಿ ಮಾಡುತ್ತಿದ್ದ ಬದೀಆ ಚಿಕ್ಕಮ್ಮ ತಲೆ ಎತ್ತಿದಳು. ಸತ್ತ ವರ್ದಾಳಿಗೆ ಅವಳು ಚಿಕ್ಕಂದಿನ ಗೆಳತಿ.

"ಗಾನಿಮ್ ಬಂದ ಅಂತ ಕಾಣ್ಸುತ್ತೆ. ಹೋಗಿ ಮಾತಾಡ್ಸು. ಊರಾಳೋ ಅಮೀರನಾದ್ರೂ ನಿಂಗೆ ಅಣ್ಣ ತಾನೆ."

ನುಜೂಮ್ ಎದ್ದು ಹೊಸಿಲಿಗೆ ಬಂದಳು. ಅಲ್ಲಿ ಅವಳ ಕೈ ತಾನಾಗಿ ಮೇಲೆ ಹೋಗಿ, ತಲೆಯ ಮೇಲಿನ ಬಟ್ಟೆಯನ್ನು ಮುಖದ ಮೇಲೆ ಎಳೆದುಕೊಂಡಿತು. ಹುಟ್ಟಿದಾಗಿನಿಂದ ಗಾನಿಮನ ಮುಂದೆ ಅವಳು ಮುಖ ಮುಚ್ಚಿದವಳಲ್ಲ. ಅವನು ವರ್ದಾಳ ಹಾಲುಮಗ; ಒಂದೇ ಎದೆಯ ಹಾಲು ಕುಡಿದವರು ಒಡಹುಟ್ಟಿದವರೇ. ಅವರ ನಡುವೆ ಮುಸುಕಿಲ್ಲ, ಮದುವೆಯೂ ಇಲ್ಲ.

ಅವನು ಬರಿಗಾಲಲ್ಲಿ ನಿಂತಿದ್ದ. ನರೆತ ಗಡ್ಡ ಒದ್ದೆಯಾಗಿತ್ತು.

"ನನ್ನ ಮುಂದೆ ಯಾಕೆ ಮುಸುಕು?"

"ಕರ್ಪೂರದ ಘಾಟು," ಎಂದಳು ನುಜೂಮ್.

ಅವನು ನಂಬಿದ. ಅಮ್ಮನಿಗೆ ಗಂಡುಮಕ್ಕಳಿಲ್ಲ, ಗೋರಿಗೆ ತಾನೇ ಇಳಿದು ಮಲಗಿಸುತ್ತೇನೆ ಎಂದ. ಹೆಂಗಸಿನ ಶವವನ್ನು ಗುಂಡಿಯಲ್ಲಿ ನಿಂತು ಎತ್ತಿಕೊಳ್ಳಬೇಕಾದವನು ಮಗನೋ ತಮ್ಮನೋ ಆಗಿರಬೇಕು ಎಂಬುದು ಊರಿನ ರೂಢಿ. ಹೊರಗೆ ಆಸಿ ನದಿಯ ಮೇಲೆ ಮಂಜು ಕೂತಿತ್ತು. ಆ ಮಂಜಿನೊಳಗೆಲ್ಲೋ ನೀರೆತ್ತುವ ಮರದ ಚಕ್ರಗಳು ಎಂದಿನಂತೆ ನರಳುತ್ತಿದ್ದವು. ಅವಕ್ಕೆ ಸಾವೂ ಒಂದೇ, ಹಬ್ಬವೂ ಒಂದೇ.

*

ಹಿಂದಿನ ದಿನ ಮಧ್ಯಾಹ್ನ ವರ್ದಾ ಕಣ್ಣು ತೆರೆದಿದ್ದಳು. ಮಗಳ ಮಣಿಕಟ್ಟು ಹಿಡಿದು, ಅಂಗಳದ ಆಡಿಗೆ ನೀರಿಟ್ಟೆಯಾ ಎಂದು ಕೇಳಿದಳು. ಇಟ್ಟೆ ಎಂದ ಮೇಲೆ, ಆಡಿನಿಂದಲೇ ಹಳೆಯ ಮಾತು ಶುರುಮಾಡಿದಳು.

ಶಿಲುಬೆಯ ದಂಡಿನ ಫ್ರಾಂಕರು ಅಮೀರರ ಕೋಟೆಯನ್ನು ಮುತ್ತಿ ಕೂತ ವರ್ಷ ಅದು. ಗಾನಿಮನನ್ನು ಹೆತ್ತು ಅವನ ತಾಯಿ ತೀರಿಕೊಂಡಿದ್ದಳು. ಕುಂಬಾರರ ವರ್ದಾ ಆಗಷ್ಟೇ ನುಜೂಮಳನ್ನು ಹಡೆದಿದ್ದಳು. ಕೋಟೆಯವರು ಅವಳನ್ನು ಕರೆಸಿ, ಅಮೀರರ ಮಗುವನ್ನು ಒಂದು ತೋಳಿಗೆ ಹಾಕಿದರು. ಇನ್ನೊಂದು ತೋಳಲ್ಲಿ ಅವಳದೇ ಮಗು. ಆಗಲೇ ಗೋಧಿ ಮುಗಿದು ಹುಲ್ಲುಬೇರು ಬೇಯಿಸುವ ಕಾಲ ಬಂದಿತ್ತು, ಅವಳ ಎದೆಯ ಹಾಲೂ ಬತ್ತತೊಡಗಿತ್ತು.

"ಒಬ್ರಿಗೆ ಆಗೋಷ್ಟೇ ಇತ್ತು ಕಣೆ," ಎಂದಳು ವರ್ದಾ. "ನಿಂಗೇ ಕೊಟ್ಟೆ. ಮೊದಲನೇ ದಿನದಿಂದ್ಲೂ ನಿಂಗೇ ಕೊಟ್ಟೆ. ಧಣಿಗಳ ಮಗೂಗೆ ಬಾಗ್ಲು ಹಾಕ್ಕೊಂಡು ಆಡಿನ ಹಾಲು. ಬಟ್ಟೆ ತುದಿ ಅದ್ದಿ ಅದ್ದಿ ಚೀಪಿಸ್ದೆ."

ಅಷ್ಟು ಹೇಳಿ ಗೋಡೆಯ ಕಡೆ ಹೊರಳಿದಳು. ಬೆಳಗಾಗುವಷ್ಟರಲ್ಲಿ ಉಸಿರು ನಿಂತಿತ್ತು.

ಜೀವಮಾನವೆಲ್ಲ ನುಜೂಮ್ ತನ್ನನ್ನು ಮಿಕ್ಕ ಹಾಲಿನ ಮಗಳು ಎಂದುಕೊಂಡಿದ್ದಳು. ಅವಳ ಸಣಕಲು ಮೈ ನೋಡಿ ಊರೂ ಹಾಗೆಯೇ ಆಡಿಕೊಂಡಿತ್ತು. ಈಗ ತನಗಾಗಿಯೇ ಅಮ್ಮ ಕೋಟೆಯವರ ಕಣ್ಣಿಗೆ ಮಣ್ಣೆರಚಿದಳು ಎಂದು ತಿಳಿದಾಗ ಎದೆ ತುಂಬಿ ಬಂತು. ಮರುಕ್ಷಣವೇ ನದಿಯ ದಂಡೆಯ ಒಂದು ಸಂಜೆ ನೆನಪಾಗಿ, ಅದೇ ಎದೆ ಉರಿಯಿತು.

*

ಆ ಸಂಜೆ ಇಬ್ಬರಿಗೂ ಎಳೆಯ ಪ್ರಾಯ. ವರ್ದಾ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದಳು. ಗಾನಿಮ್ ಚಕ್ರದ ನೆರಳಲ್ಲಿ ನಿಂತು ಏಪ್ರಿಕಾಟ್ ಹಣ್ಣನ್ನು ಸೀಳಿ, ಅರ್ಧವನ್ನು ನುಜೂಮಳಿಗೆ ಕೊಟ್ಟ. ಚಕ್ರದಿಂದ ಚಿಮ್ಮಿದ ನೀರು ಇಬ್ಬರ ಮೇಲೂ ಹನಿಯುತ್ತಿತ್ತು.

"ನೀನು ನನ್ನ ತಂಗಿ ಆಗದೆ ಇದ್ದಿದ್ರೆ," ಎಂದು ಶುರುಮಾಡಿದವನು ಮುಂದೆ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ವರ್ದಾಳಿಗೆ ಅದು ಕೇಳಿಸಿತ್ತು. ಅವಳು ಹಿಂಡಿದ ಬಟ್ಟೆಯನ್ನೇ ಮತ್ತೆ ಹಿಂಡಿದಳು, ಮತ್ತೆ ಹಿಂಡಿದಳು.

ಆಮೇಲೆ ನುಜೂಮಳನ್ನು ಕುದುರೆಯ ಜೀನು ಹೊಲಿಯುವ ಒಬ್ಬ ಒಳ್ಳೆಯ ಮನುಷ್ಯನಿಗೆ ಕೊಟ್ಟರು. ಒಳ್ಳೆಯತನಕ್ಕೇನೂ ಕೊರತೆಯಿರಲಿಲ್ಲ. ಅವನು ತೀರಿಕೊಂಡು ವರ್ಷಗಳಾದವು. ಗಾನಿಮನ ಹೆಂಡತಿಯೂ ಹೋದ ಚಳಿಗಾಲ ತೀರಿಕೊಂಡಳು. ಈಗ ಅಡ್ಡ ಉಳಿದಿರುವುದು ಹಾಲೊಂದೇ, ಅದೂ ಕುಡಿಯದ ಹಾಲು.

*

ಗೋರಿಯ ಬಳಿ ಬರುವ ಹೊತ್ತಿಗೆ ಮಂಜು ಇನ್ನೂ ಕರಗಿರಲಿಲ್ಲ. ಜನ ಸೊಂಟದವರೆಗೆ ಬಿಳಿಯೊಳಗೆ ಮುಳುಗಿ, ನಡೆಯುತ್ತಿದ್ದಾರೋ ತೇಲುತ್ತಿದ್ದಾರೋ ತಿಳಿಯದ ಹಾಗಿತ್ತು. ಗಾನಿಮ್ ನಡುಪಟ್ಟಿ ಬಿಗಿದು ಗುಂಡಿಯ ಅಂಚಿಗೆ ಬಂದ.

ಆಗ ಹೊಸ ಖಾಜಿ ಗಂಟಲು ಸರಿಮಾಡಿಕೊಂಡ. ದಮಾಸ್ಕಸ್ಸಿನಿಂದ ಬಂದು ಇನ್ನೂ ಊರಿನ ನೀರಿಗೆ ಹೊಂದದ ಮನುಷ್ಯ. ಕೆಟ್ಟವನಲ್ಲ, ಎಲ್ಲಕ್ಕೂ ಸಾಕ್ಷಿ ಬೇಕೆನ್ನುವವನು. ಹಾಲಿನ ನಂಟಿಗೆ ನೋಡಿದವರು ಯಾರು ಎಂದು ಕೇಳಿದ.

ಕೋಟೆಯ ವಂಶಾವಳಿ ಹೇಳುವ ಮುದುಕ ಶೇಖ್ ಮುಫರ್ರಿಜನಿಗೆ ರೇಗಿತು. ಪ್ರತಿ ಹಬ್ಬಕ್ಕೂ ಅವನು ಕೋಟೆಯ ಹಜಾರದಲ್ಲಿ ನಿಂತು ಆ ವಂಶಾವಳಿ ಹೇಳುತ್ತಿದ್ದ: ಇಂಥವನ ಮಗ ಇಂಥವನು, ಇಂಥ ಕಾಳಗದಲ್ಲಿ ಬಿದ್ದವನ ಮಗ ಇಂಥವನು, ಕೊನೆಗೆ ಗಾನಿಮ್, ಅವನಿಗೆ ಹಾಲೆರೆದವಳು ಕುಂಬಾರರ ವರ್ದಾ. ಅಷ್ಟೊಂದು ದೊರೆಗಳ ನಡುವೆ ಹೆಣ್ಣಿನ ಹೆಸರು ಅದೊಂದೇ. ಅದನ್ನು ಕೇಳಲೆಂದು ವರ್ದಾ ಕಂಬದ ಹಿಂದೆ ನಿಲ್ಲುವಳು. ಹೆಸರು ಬಂದ ಕೂಡಲೇ ಊಟಕ್ಕೂ ಕಾಯದೆ ಮನೆಗೆ ಹೊರಟುಬಿಡುವಳು. ಅದು ಹೆಮ್ಮೆ ಎಂದು ನುಜೂಮ್ ತಿಳಿದಿದ್ದಳು. ಈಗ ಅದು ಏನಿತ್ತೆಂದು ಅವಳಿಗೆ ಗೊತ್ತಿಲ್ಲ.

"ನಾನು ಹೇಳೋದು ಸಾಲ್ದಾ ಖಾಜಿಗಳಿಗೆ?" ಎಂದ ಮುಫರ್ರಿಜ್.

"ಹೇಳೋದು ಬೇರೆ, ನೋಡಿದ್ದು ಬೇರೆ ಸ್ವಾಮಿ," ಎಂದ ಖಾಜಿ.

ಬದೀಆ ಚಿಕ್ಕಮ್ಮನನ್ನು ಕೇಳಿದರು. ಹಾಲೂಡುವಾಗ ದೃಷ್ಟಿ ತಾಗದಿರಲೆಂದು ವರ್ದಾ ಬಾಗಿಲು ಹಾಕಿಕೊಳ್ಳುತ್ತಿದ್ದಳು, ಒಳಗೆ ಕಂಡವರಿಲ್ಲ ಎಂದಳು ಅವಳು. ಜನ ಗುಜುಗುಜು ಮಾಡಿದರು. ಗಾನಿಮ್ ಯಾರನ್ನೂ ನೋಡದೆ ನುಜೂಮಳನ್ನು ನೋಡಿದ.

"ನೀನು ಹೇಳು," ಎಂದ.

ಒಂದು ಮಾತು ಸಾಕಿತ್ತು. ನಿಜ ಹೇಳಿದರೆ ಅವನು ಅಣ್ಣನಲ್ಲ. ಮುಂದಿನ ಹಬ್ಬದ ಹೊತ್ತಿಗೆ ಏನು ಬೇಕಾದರೂ ಆಗಬಹುದಿತ್ತು. ಆದರೆ ಹೇಳಿದರೆ ಮುಫರ್ರಿಜನ ನಾಲಿಗೆಯಿಂದ ಆ ಒಂದು ಹೆಸರು ಉದುರುತ್ತದೆ. ಕೋಟೆಯ ಕೂಸಿಗೆ ಮೋಸ ಮಾಡಿದವಳನ್ನು ಯಾರೋ ದಾರಿಹೋಕ ಗುಂಡಿಗಿಳಿಸುತ್ತಾನೆ. ಹೊದಿಕೆಯೊಳಗೆ ಅಮ್ಮ ಎಷ್ಟು ಚಿಕ್ಕವಳಾಗಿ ಕಾಣುತ್ತಿದ್ದಳು. ಇದ್ದ ಹಾಲನ್ನೆಲ್ಲ ನನಗೇ ಕೊಟ್ಟವಳು, ಎಂದುಕೊಂಡಳು ನುಜೂಮ್. ಅಳು ಉಕ್ಕಿ ಬಂತು.

ಅವಳು ಎಲ್ಲರ ಎದುರಿಗೆ ಮುಖದ ಮೇಲಿನ ಮುಸುಕನ್ನು ಎರಡೂ ಕೈಯಿಂದ ತೆಗೆದು ಹಿಂದಕ್ಕೆ ಹಾಕಿದಳು.

"ಅಣ್ಣ, ಅಮ್ಮನ್ನ ಇಳಿಸು."

ಖಾಜಿ ಕಣ್ಣು ಕೆಳಗೆ ಮಾಡಿ, ಸಾಕು ಎಂಬಂತೆ ಕೈಯಾಡಿಸಿದ. ಗಾನಿಮ್ ಗುಂಡಿಗಿಳಿದು, ವರ್ದಾಳನ್ನು ಮಗುವನ್ನು ಮಲಗಿಸುವ ಹಾಗೆ ಬಲಮಗ್ಗುಲಿಗೆ ಮಲಗಿಸಿದ.

*

ಮನೆಗೆ ಮರಳಿದಾಗ ಬಿಸಿಲು ಬಂದಿತ್ತು. ಗಾನಿಮ್ ಕೈ ತೊಳೆಯಲೂ ಮರೆತು ಅಂಗಳದ ಕಟ್ಟೆಯ ಮೇಲೆ ಕುಸಿದು ಕೂತ. ಕಟ್ಟಿದ್ದ ಆಡು ಅವನ ಬಳಿಗೆ ಬಂತು. ವರ್ದಾಳ ಮನೆಯಲ್ಲಿ ಆಡಿಲ್ಲದ ದಿನವಿರಲಿಲ್ಲ. ಆ ತಳಿಯದನ್ನು ಮಾರಲು ಬಿಡಳು, ಬಲಿಹಬ್ಬಕ್ಕೂ ಕೊಯ್ಯಲು ಬಿಡಳು. ವರ್ದಾಳಿಗೆ ಆಡೇ ಅತ್ತೆ ಎಂದು ಊರು ನಗುತ್ತಿತ್ತು. ಮುಫರ್ರಿಜ್ ದೊರೆಗಳನ್ನು ಹೇಳುವ ಹಾಗೆ ಅವಳು ಆಡುಗಳನ್ನು ಹೇಳುತ್ತಿದ್ದಳು.

"ಇದು ಯಾರ ಮಗಳು? ಅಮ್ಮ ಹೇಳ್ತಿದ್ಲಲ್ಲ," ಎಂದ ಗಾನಿಮ್.

"ಇದು ಬಿಳಿಕಿವಿ," ಎಂದಳು ನುಜೂಮ್. "ಕುಂಟಿಯ ಮಗಳು. ಕುಂಟಿ ಜೇನುಗಣ್ಣಿಯ ಮಗಳು. ಜೇನುಗಣ್ಣಿ ಮೋಟುಬಾಲದ್ದರ ಮಗಳು." ಹೀಗೆ ತಾಯಿಯ ರಾಗದಲ್ಲೇ ಒಂದೊಂದಾಗಿ ಹಿಂದಕ್ಕೆ ಹೋದಳು. "ಎಲ್ಲಕ್ಕೂ ಮೊದಲು ಮುತ್ತಿಗೆ ವರ್ಷದ ಕರಿಯಾಡು."

"ಅಲ್ಲಿಗೆ ನಿಲ್ತಾ?"

"ಅಲ್ಲಿಗೆ ನಿಲ್ಲುತ್ತೆ."

ಗಾನಿಮ್ ತಲೆಯಾಡಿಸಿ ಅಂಗೈ ಚಾಚಿದ. ಆಡು ಮೂಸಿ ನೋಡಿತು. ಆಮೇಲೆ ಅವನ ಬೆರಳ ಸಂದಿಯಲ್ಲಿದ್ದ ಗೋರಿಯ ಮಣ್ಣನ್ನೆಲ್ಲ, ಈಗತಾನೇ ಹುಟ್ಟಿದ ಮರಿಯ ಮೈ ನೆಕ್ಕುವ ಹಾಗೆ, ನಿಧಾನವಾಗಿ ನೆಕ್ಕತೊಡಗಿತು.